ಜೊತೆಗೆ ಹೊರಟವರು ಜೊತೆಗೇ ಇಳಿಯಿರಿ

ಉದ್ದ ಚಾರಣಕ್ಕೆ ಹೊರಟಿರುವ, ನಡುವೆ ಬಿಟ್ಟು ಬಂದಿರುವ ಅಮೆರಿಕದ ಕನ್ನಡ ಜೋಡಿಗಳಿಗೆ ಬಹಿರಂಗ ಪತ್ರ



ಮಾರ್ಚ್ ಬಂತೆಂದರೆ ಜಾರ್ಜಿಯಾದ ಸ್ಪ್ರಿಂಗರ್ ಬೆಟ್ಟದ ಮೇಲೆ ಬ್ಯಾಕ್‌ಪ್ಯಾಕ್ ಹೊತ್ತವರು ಸೇರತೊಡಗುತ್ತಾರೆ. ಅಲ್ಲಿಂದ ಹೊರಟು 14 ರಾಜ್ಯಗಳನ್ನು ಹಾದು ಮೇನ್ ರಾಜ್ಯದ ಕಟಾಡಿನ್ ಶಿಖರ ಮುಟ್ಟುವ ಅಪಲೇಚಿಯನ್ ಟ್ರೇಲ್‌ನ ಉದ್ದ ಸುಮಾರು 2,190 ಮೈಲಿ, ಅಂದರೆ ಹತ್ತಿರ ಹತ್ತಿರ 3,500 ಕಿಲೋಮೀಟರ್. ಒಂದೇ ವರ್ಷದಲ್ಲಿ ಪೂರ್ತಿ ನಡೆಯುತ್ತೇವೆಂದು ಹೊರಡುವವರಲ್ಲಿ ಮುಗಿಸುವವರು ಹೆಚ್ಚುಕಡಿಮೆ ನಾಲ್ವರಲ್ಲಿ ಒಬ್ಬರು. ಮುಗಿಸಿದ ಆ ಒಬ್ಬರ ಪುಸ್ತಕ, ವಿಡಿಯೋ, ಭಾಷಣ ಬೇಕಾದಷ್ಟು ಸಿಗುತ್ತವೆ. ಉಳಿದ ಮೂವರ ಮಾತು ಕೇಳಿಸುವುದು ಅಪರೂಪ. ನಮ್ಮ ಕನ್ನಡ ಕೂಟಗಳಲ್ಲಂತೂ ಹೊರಡುವಾಗ ಶುಭಾಶಯ ಹೇಳಿದವರೆಲ್ಲ, ನಡುವೆ ಇಳಿದು ಬಂದವರ ಎದುರು ಆ ಸುದ್ದಿಯನ್ನೇ ಎತ್ತುವುದಿಲ್ಲ. ಎತ್ತಿದರೆ ಬೇಜಾರಾದೀತು ಎಂಬ ಒಳ್ಳೆಯ ಮನಸ್ಸಿನಿಂದಲೇ ಸುಮ್ಮನಿರುತ್ತಾರೆ. ಆ ಮೌನದಿಂದಲೇ ಬೇಜಾರು ಹೆಚ್ಚುತ್ತದೆ.

ನಾನೂ ನನ್ನ ಗಂಡನೂ ಆ ಮೂವರ ಪೈಕಿ. 2025ರ ವಸಂತದಲ್ಲಿ ಸ್ಪ್ರಿಂಗರ್ ಬೆಟ್ಟದಿಂದ ಹೊರಟು, ವರ್ಜೀನಿಯಾದ ಡಮಾಸ್ಕಸ್ ಎಂಬ ಪುಟ್ಟ ಊರಿನಲ್ಲಿ ಇಳಿದೆವು. ಅಲ್ಲಿಂದ ವಿಮಾನ ಹತ್ತದೆ, ಬಾಡಿಗೆ ಕಾರು ಹಿಡಿದು ದೇಶದ ಈ ಅಂಚಿನಿಂದ ಆ ಅಂಚಿಗೆ, ಕ್ಯಾಲಿಫೋರ್ನಿಯಾದ ನಮ್ಮ ಮನೆಗೆ ಬಂದೆವು. ಇಳಿದದ್ದೂ ಸರಿ, ಹಾಗೆ ಬಂದದ್ದೂ ಸರಿ ಎಂದು ಇಂದು ಗಟ್ಟಿಯಾಗಿ ಹೇಳಬಲ್ಲೆ. ಮುಂದಿನ ವಸಂತಕ್ಕೆ ಹೊರಡಲು ಟೆಂಟು, ಬೂಟು ಕೊಳ್ಳುತ್ತಿರುವ ಜೋಡಿಗಳಿಗೂ, ಇಳಿದು ಬಂದು ಮನಸ್ಸಿನಲ್ಲೇ ಕೊರಗುತ್ತಿರುವ ಜೋಡಿಗಳಿಗೂ ನನ್ನ ಮಾತು ಒಂದೇ: ಇಬ್ಬರು ಸೇರಿ ಹೊರಟ ಪಯಣದ ವೇಗ, ಉದ್ದ ಎರಡನ್ನೂ ತೀರ್ಮಾನಿಸಬೇಕಾದದ್ದು ಇಬ್ಬರಲ್ಲಿ ನಿಧಾನವಾದವರ ಕಾಲು.

ಮೊದಲು ಇಳಿಯುವ ವಿಷಯ. ಚಾರಣ ಬಿಡಿಸುವುದು ಏರು ಎಂದು ಹೊರಗಿನವರು ತಿಳಿಯುತ್ತಾರೆ. ಏರಿನಲ್ಲಿ ದಮ್ಮು ಕಟ್ಟುತ್ತದೆ, ನಿಂತರೆ ಸರಿಹೋಗುತ್ತದೆ. ಮಂಡಿಗಳನ್ನು ತಿನ್ನುವುದು ಇಳಿಜಾರು. ಬೆನ್ನ ಮೇಲಿನ ಭಾರವೆಲ್ಲ ಒಂದೊಂದು ಹೆಜ್ಜೆಗೂ ಮಂಡಿಯ ಮೇಲೆ ಬೀಳುತ್ತದೆ. ಗ್ರೇಟ್ ಸ್ಮೋಕಿ ಬೆಟ್ಟಗಳನ್ನು ದಾಟಿದ ಮೇಲೆ ನನ್ನ ಗಂಡನ ಬಲ ಮಂಡಿ ಸಂಜೆ ಹೊತ್ತಿಗೆ ಊದಿಕೊಳ್ಳತೊಡಗಿತು. ರಾತ್ರಿ ಶೆಲ್ಟರಿನಲ್ಲಿ ತಣ್ಣೀರು ಬಟ್ಟೆ ಕಟ್ಟಿ ಮಲಗಿದರೆ ಬೆಳಗ್ಗೆ ಇಳಿಯುತ್ತಿತ್ತು. ಆಮೇಲಾಮೇಲೆ ಬೆಳಗ್ಗೆಯೂ ಇಳಿಯದಾಯಿತು. ಅಡ್ಡಲಾಗಿ ಹೆಜ್ಜೆ ಇಟ್ಟು, ಊರುಗೋಲುಗಳ ಮೇಲೆ ಮೈಭಾರ ಹಾಕಿ ಇಳಿಯುವ ಇವರನ್ನು ಹಿಂದಿನಿಂದ ನೋಡುತ್ತಾ ನಡೆಯುವುದು ನನಗೆ ಕಷ್ಟವಾಗುತ್ತಿತ್ತು. ಡಮಾಸ್ಕಸ್ ತಲುಪಿದಾಗ ಹತ್ತಿರದ ಕ್ಲಿನಿಕ್ಕಿನ ವೈದ್ಯರು, ಭಾರ ಹೊತ್ತು ಬೆಟ್ಟ ಇಳಿಯುವುದನ್ನು ಕೆಲವು ತಿಂಗಳು ಮರೆತುಬಿಡಿ ಎಂದರು.

ಇಲ್ಲಿ ಒಂದು ಕವಲು ಬರುತ್ತದೆ, ಜೋಡಿಗಳು ಇದನ್ನು ಮನೆಯಲ್ಲಿರುವಾಗಲೇ ಯೋಚಿಸಿಟ್ಟುಕೊಳ್ಳಬೇಕು. ಇವರು ಹೇಳಿದರು: "ನೀನು ನಡಿ. ನಾನು ಕಾರು ತಗೊಂಡು ಮುಂದಿನ ಊರಲ್ಲಿ ಸಿಗ್ತೀನಿ. ಹಾಗೆ ಮಾಡೋರು ಎಷ್ಟೋ ಜನ ಇದ್ದಾರೆ." ನಿಜ, ಇದ್ದಾರೆ. ಒಬ್ಬರು ನಡೆದು, ಇನ್ನೊಬ್ಬರು ರಸ್ತೆ ದಾಟುವ ಕಡೆಗಳಲ್ಲಿ ಊಟ, ನೀರು ಹಿಡಿದು ಕಾಯುವ ಜೋಡಿಗಳು ಟ್ರೇಲ್‌ನಲ್ಲಿ ಸಿಗುತ್ತಾರೆ. ಕೆಲವರಿಗೆ ಅದು ಒಗ್ಗುತ್ತದೆ. ನನ್ನ ಕಾಲುಗಳಲ್ಲಿ ಇನ್ನೂ ಶಕ್ತಿ ಇತ್ತು, ಆಸೆಯೂ ಇತ್ತು. ಆದರೆ ನಾನು ಆಸೆಪಟ್ಟದ್ದು ಕಟಾಡಿನ್ ಶಿಖರದ ಹಲಗೆಯ ಪಕ್ಕ ಒಬ್ಬಳೇ ನಿಲ್ಲುವುದಕ್ಕಲ್ಲ. ಮಕ್ಕಳು ಕಾಲೇಜಿಗೆ ಹೋದ ಮೇಲೆ ಮನೆಯಲ್ಲಿ ಉಳಿದ ಇಬ್ಬರು ಮತ್ತೆ ಒಬ್ಬರನ್ನೊಬ್ಬರು ಬಿಡುವಾಗಿ ನೋಡಿಕೊಳ್ಳಲೆಂದು ಹೊರಟ ದಾರಿ ಅದು. "ರೀ, ಇಳಿಯೋಣ, ಇಬ್ಬರೂ" ಎಂದೆ. ಇವರು ಒಪ್ಪಲು ಒಂದು ರಾತ್ರಿ ಬೇಕಾಯಿತು.

ಇದನ್ನು ತ್ಯಾಗ ಎಂದು ಕರೆಯಬೇಡಿ. ನಮ್ಮಲ್ಲಿ ಹೆಂಡತಿ ಏನು ಬಿಟ್ಟರೂ ಅದಕ್ಕೆ ತ್ಯಾಗದ ಹೆಸರಿಟ್ಟು ಸುಮ್ಮನಾಗುವ ಅಭ್ಯಾಸವಿದೆ. ನನ್ನ ಕಾಲು ಊದಿದ್ದರೆ ಇವರೂ ಇಳಿಯಬೇಕಿತ್ತು, ಇಳಿಯುತ್ತಿದ್ದರು ಕೂಡ. ಇದು ಹೊರಡುವ ಮುಂಚೆಯೇ ಇಬ್ಬರೂ ಒಪ್ಪಿಕೊಳ್ಳಬೇಕಾದ ಕರಾರು, ಹೆಂಗಸು ಗಂಡಸು ಎಂಬ ಭೇದವಿಲ್ಲದ್ದು.

ಪೂರ್ತಿ ನಡೆಯದಿದ್ದರೆ ನಡೆದದ್ದೆಲ್ಲ ವ್ಯರ್ಥ ಎನ್ನುವವರು ಈ ಹಾದಿಯ ಚರಿತ್ರೆಯನ್ನು ಸ್ವಲ್ಪ ಓದಬೇಕು. 1921ರಲ್ಲಿ ಬೆಂಟನ್ ಮೆಕೈ ಇಂಥದೊಂದು ಹಾದಿಯ ಯೋಜನೆಯನ್ನು ಲೇಖನವಾಗಿ ಬರೆದಾಗ ಅವರ ಮನಸ್ಸಿನಲ್ಲಿದ್ದದ್ದು ಪೇಟೆಯ ದುಡಿಮೆಯಿಂದ ಬಳಲಿದ ಜನ ಬೆಟ್ಟಗಳಲ್ಲಿ ತಂಗಿ ಸುಧಾರಿಸಿಕೊಳ್ಳುವ ಬಿಡಾರಗಳು. 1937ರಲ್ಲಿ ಹಾದಿ ಪೂರ್ತಿಯಾಯಿತು. ಅದನ್ನು ಒಂದೇ ಬಾರಿಗೆ ಉದ್ದಕ್ಕೂ ನಡೆದೆ ಎಂದು ಮೊದಲು ಹೇಳಿದ ಅರ್ಲ್ ಶೇಫರ್ ಬಂದದ್ದು 1948ರಲ್ಲಿ. ಇನ್ನು ಗ್ರ್ಯಾಂಡ್ಮಾ ಗೇಟ್‌ವುಡ್. ಹನ್ನೊಂದು ಮಕ್ಕಳ ತಾಯಿ. ತಾನೇ ಹೊಲಿದ ಬಟ್ಟೆಯ ಚೀಲ ಹೆಗಲಿಗೇರಿಸಿ, ಕ್ಯಾನ್ವಾಸ್ ಶೂ ಹಾಕಿಕೊಂಡು 1955ರಲ್ಲಿ, ತನ್ನ 67ನೆಯ ವಯಸ್ಸಿನಲ್ಲಿ, ಒಬ್ಬಳೇ ಪೂರ್ತಿ ನಡೆದು ಮುಗಿಸಿದ ಮೊದಲ ಹೆಂಗಸು. ಎಲ್ಲರೂ ಹೇಳುವುದು ಆ 1955ರ ಕಥೆಯನ್ನು. ಹಿಂದಿನ ವರ್ಷವೇ ಆಕೆ ಮೇನ್ ಕಡೆಯಿಂದ ಹೊರಟಿದ್ದರು. ದಾರಿ ತಪ್ಪಿತು, ಕನ್ನಡಕ ಒಡೆಯಿತು, ಅರಣ್ಯ ರಕ್ಷಕರ ಮಾತು ಕೇಳಿ ಮನೆಗೆ ಮರಳಿದರು. ಇಳಿದು ಹೋದ ಆ ಅಜ್ಜಿಯೇ 1959ರಲ್ಲಿ ಮಿಸೌರಿಯ ಇಂಡಿಪೆಂಡೆನ್ಸ್‌ನಿಂದ ಪೋರ್ಟ್‌ಲ್ಯಾಂಡಿನವರೆಗೆ, ವಲಸಿಗರು ಎತ್ತಿನ ಬಂಡಿಗಳಲ್ಲಿ ಹೋದ ಆರೆಗನ್ ಹಾದಿಯನ್ನೂ ನಡೆದರು. ಈ ಟ್ರೇಲ್ ಬಗ್ಗೆ ಜಗತ್ತು ಅತಿ ಹೆಚ್ಚು ಓದಿದ ಪುಸ್ತಕಗಳಲ್ಲೊಂದನ್ನು ಬರೆದ ಬಿಲ್ ಬ್ರೈಸನ್ ಕೂಡ ಅದರ ಅರ್ಧದಷ್ಟನ್ನೂ ನಡೆದಿರಲಿಲ್ಲ. ಟೆನಿಸೀಯಲ್ಲಿ ಗೆಳೆಯನೊಂದಿಗೆ ಕಾರು ಹತ್ತಿ ಮುಂದೆ ಹೋಗಿದ್ದರು.

ಈಗ ರಸ್ತೆಯ ವಿಷಯ. ಇಳಿದ ದಿನವೇ ಮನೆಗೆ ಹಾರಬೇಡಿ. ಇದನ್ನು ಒತ್ತಿ ಹೇಳುತ್ತೇನೆ. ಒಂದು ರಾಜ್ಯದಲ್ಲಿ ಪಡೆದ ಕಾರನ್ನು ಇನ್ನೊಂದರಲ್ಲಿ ಬಿಡುವುದಕ್ಕೆ ಹೆಚ್ಚಿನ ದುಡ್ಡು ತೆರಬೇಕು. ಪೆಟ್ರೋಲು, ರಾತ್ರಿಯ ಕೋಣೆ ಎಲ್ಲ ಸೇರಿ ಎರಡು ವಿಮಾನ ಟಿಕೆಟ್ಟಿಗಿಂತ ನಮಗೆ ಹೆಚ್ಚೇ ಆಯಿತು. ಆದರೂ ಅದು ದುಂದಲ್ಲ. ವಿಮಾನ ಹತ್ತಿದ್ದರೆ ಅದೇ ರಾತ್ರಿ ನಮ್ಮ ಅಡುಗೆಮನೆಯಲ್ಲಿ ನಿಂತಿರುತ್ತಿದ್ದೆವು. ಟಪಾಲಿನ ರಾಶಿ, ಊರಿನಿಂದ ಫೋನು, "ಯಾಕೆ ಬಂದುಬಿಟ್ಟಿರಿ?" ಎಂಬ ಪ್ರಶ್ನೆ. ನಮ್ಮಿಬ್ಬರ ನಡುವೆಯೇ ಇನ್ನೂ ಉತ್ತರ ಗಟ್ಟಿಯಾಗಿರಲಿಲ್ಲ. ಇವರ ಮನಸ್ಸಿನಲ್ಲಿ ನನ್ನ ಆಸೆ ಕೆಡಿಸಿದೆನೆಂಬ ಅಳುಕು. ನನ್ನಲ್ಲಿ, ಹೇಳಿದರೆ ಇವರಿಗೆ ನೋವಾದೀತೆಂದು ಅದುಮಿಟ್ಟ ದುಃಖ. ಕಾಡಿನ ಕಾಲುದಾರಿಯಲ್ಲಿ ಒಬ್ಬರ ಹಿಂದೊಬ್ಬರು ನಡೆಯುತ್ತೇವೆ, ಮಾತನ್ನು ಬೆನ್ನಿಗೆ ಹೇಳಬೇಕು. ಕಾರಿನಲ್ಲಿ ಪಕ್ಕಪಕ್ಕ ಕೂತು ಇಬ್ಬರೂ ಎದುರಿನ ರಸ್ತೆ ನೋಡುತ್ತಿರುತ್ತೇವೆ. ಮುಖ ನೋಡಿ ಆಡಲಾಗದ ಮಾತು ಆಗ ತಾನಾಗಿ ಹೊರಬರುತ್ತದೆ. ನಮಗೆ ಅದು ಬಂದದ್ದು ಟೆನಿಸೀಯ ನಡುವೆ, ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸಬೇಕಾದ ಗಡಿ ದಾಟಿದ ಮೇಲೆ. ಇಬ್ಬರೂ ಅತ್ತೆವು. ಆಮೇಲೆ ಹಸಿವಾಯಿತು.

ಮೊದಲ ದಿನ ವೇಗವೇ ಭಯ ತರುತ್ತದೆ. ಬೆಳಗಿನಿಂದ ಸಂಜೆವರೆಗೆ ಬೆವರು ಹರಿಸಿ ನಡೆದ 15 ಮೈಲಿಯನ್ನು ಕಾರು ಕಾಲು ಗಂಟೆಯಲ್ಲಿ ನುಂಗಿಬಿಡುತ್ತದೆ. ಅದಕ್ಕೇ ಚಾರಣದ ಶಿಸ್ತನ್ನು ರಸ್ತೆಗೂ ತಂದೆವು. ಎರಡು ಗಂಟೆಗೊಮ್ಮೆ ನಿಲ್ಲುವುದು, ಇವರು ಇಳಿದು ಮಂಡಿ ಚಾಚಿ ಮಡಚುವುದು. ಕತ್ತಲಾಗುವ ಮುಂಚೆ ಬಿಡಾರ. ಉಳಿದಿದ್ದ ಅವಲಕ್ಕಿ, ಚಟ್ನಿಪುಡಿ, ಚಿಕ್ಕ ಗ್ಯಾಸ್ ಒಲೆಯನ್ನೇ ರಸ್ತೆ ಬದಿಯ ವಿಶ್ರಾಂತಿ ತಾಣಗಳ ಮೇಜುಗಳ ಮೇಲೂ ಬಳಸಿದೆವು. ಬಲ ಮಂಡಿ ಪೆಡಲು ಒತ್ತಲಾರದು, ಹಾಗಾಗಿ ಸ್ಟಿಯರಿಂಗ್ ಉದ್ದಕ್ಕೂ ನನ್ನ ಕೈಯಲ್ಲಿತ್ತು. ನಕ್ಷೆ ಓದುವುದು ಇವರ ಕೆಲಸ.

ವರ್ಜೀನಿಯಾದ ಆ ಮೂಲೆಯಿಂದ 81ನೇ ಇಂಟರ್‌ಸ್ಟೇಟ್ ಹಿಡಿದು ಟೆನಿಸೀಗೆ ಇಳಿದರೆ 40ನೇ ಇಂಟರ್‌ಸ್ಟೇಟ್ ಸಿಗುತ್ತದೆ. ಸ್ಮೋಕಿ ಬೆಟ್ಟಗಳ ಅಂಚಿನಲ್ಲಿ ನಾವು ಇದೇ ರಸ್ತೆಯನ್ನು ಕಾಲ್ನಡಿಗೆಯಲ್ಲಿ ದಾಟಿದ್ದೆವು, ಅಪಲೇಚಿಯನ್ ಟ್ರೇಲ್ ಅಲ್ಲಿ ಹೆದ್ದಾರಿಯ ಅಡಿಯಿಂದ ಹಾದುಹೋಗುತ್ತದೆ. ಅಂದು ತಲೆಯ ಮೇಲೆ ಗುಡುಗಿದ ಲಾರಿಗಳ ಸಾಲಿನಲ್ಲಿ ಈಗ ನಾವೂ ಇದ್ದೆವು.

ಈ ರಸ್ತೆಯಲ್ಲಿ ಪಶ್ಚಿಮಕ್ಕೆ ಹೋಗುವವರು ಒಂದು ಚರಿತ್ರೆಯನ್ನು ಕಣ್ಣು ತೆರೆದು ನೋಡಬೇಕು. ಟ್ರೇಲ್‌ನ ದಕ್ಷಿಣದ ಬೆಟ್ಟಗಳೆಲ್ಲ ಚೆರೋಕಿ ಜನರ ನೆಲ. ಆ ಹಾದಿಯ ಅತಿ ಎತ್ತರದ ಜಾಗ, 6,643 ಅಡಿಯ ಶಿಖರಕ್ಕೆ ಅವರಿಟ್ಟಿದ್ದ ಕುವೋಹಿ ಎಂಬ ಹೆಸರು 2024ರಲ್ಲಿ ಅಧಿಕೃತವಾಗಿ ಮರಳಿತು. 1830ರ ಕಾನೂನಿನ ಬಲದಿಂದ ಆ ಜನರನ್ನು 1838-39ರಲ್ಲಿ ಸೈನಿಕರ ಕಾವಲಿನಲ್ಲಿ ಇಂದಿನ ಓಕ್ಲಹೋಮಾಕ್ಕೆ ಅಟ್ಟಲಾಯಿತು. ಸಾವಿರಾರು ಜನ ದಾರಿಯಲ್ಲೇ, ಶಿಬಿರಗಳಲ್ಲೇ ಸತ್ತರು. ಕಣ್ಣೀರ ಹಾದಿ ಎಂದು ಹೆಸರಾದ ಆ ದಾರಿಗಳಲ್ಲೊಂದು ಟೆನಿಸೀಯಿಂದ ಮೆಂಫಿಸ್, ಅರ್ಕಾನ್ಸಾ ಹಾದು ಹೋಗುತ್ತದೆ. ಅಂದರೆ ನಾವು ಕಾರಿನಲ್ಲಿ ಹೋದ ದಿಕ್ಕೇ ಅದು. ಹೆದ್ದಾರಿ ಬಿಟ್ಟು ಓಕ್ಲಹೋಮಾದ ಟಾಲೆಕ್ವಾಗೆ ಹೋಗಿ ಬನ್ನಿ. ಚೆರೋಕಿ ನೇಷನ್‌ನ ರಾಜಧಾನಿ ಅದು. 1820ರ ದಶಕದಲ್ಲಿ ಸೆಕ್ವೋಯಾ ತನ್ನ ಜನರಿಗಾಗಿ ರೂಪಿಸಿಕೊಟ್ಟ ಲಿಪಿ ಅಲ್ಲಿನ ಬೀದಿಯ ಫಲಕಗಳಲ್ಲಿ ಇಂದಿಗೂ ಕಾಣುತ್ತದೆ. ಹೊರನಾಡಿನಲ್ಲಿ ಮಕ್ಕಳಿಗೆ ಕನ್ನಡ ಕಲಿಸಲು ವಾರಕ್ಕೊಮ್ಮೆ ಪಾಠಶಾಲೆ ನಡೆಸುವ ನಾವು, ನೆಲ ಕಳೆದುಕೊಂಡರೂ ಅಕ್ಷರ ಉಳಿಸಿಕೊಂಡ ಈ ಜನರ ಮುಂದೆ ಒಂದು ಮಧ್ಯಾಹ್ನವನ್ನಾದರೂ ಕಳೆಯಬೇಕು. ಬೆಟ್ಟದಲ್ಲಿ ಚೆರೋಕಿಗಳ ಕೈತಪ್ಪಿದ ನೆಲವನ್ನು ನಡೆದು, ಓಕ್ಲಹೋಮಾದಲ್ಲಿ ಅವರು ಕಟ್ಟಿಕೊಂಡ ಬದುಕನ್ನು ಕಂಡ ಮೇಲೆ ನಮ್ಮ ನಡಿಗೆ ಅರ್ಧಕ್ಕೆ ನಿಂತಿತೆಂಬ ಅಳಲು ತೀರ ಸಣ್ಣದಾಯಿತು.

ಓಕ್ಲಹೋಮಾಕ್ಕೆ ಮುಂಚೆಯೇ ಇದೇ ರಸ್ತೆಯಲ್ಲಿ ಸಿಗುವ ಮೆಂಫಿಸ್‌ನಲ್ಲಿ 1968ರ ಏಪ್ರಿಲ್ 4ರಂದು ಮಾರ್ಟಿನ್ ಲೂಥರ್ ಕಿಂಗ್ ಗುಂಡಿಗೆ ಬಲಿಯಾದ ಲೊರೇನ್ ಮೋಟೆಲ್ ಇದೆ, ಈಗ ಅದು ನಾಗರಿಕ ಹಕ್ಕುಗಳ ವಸ್ತುಸಂಗ್ರಹಾಲಯ. ಮುಂದೆ ಲಿಟಲ್ ರಾಕ್‌ನಲ್ಲಿ, 1957ರಲ್ಲಿ ಒಂಬತ್ತು ಕಪ್ಪು ವಿದ್ಯಾರ್ಥಿಗಳು ಸೈನ್ಯದ ರಕ್ಷಣೆಯಲ್ಲಿ ಹೊಕ್ಕ ಸೆಂಟ್ರಲ್ ಹೈಸ್ಕೂಲು. ಆ ಸೈನ್ಯ ಕಳಿಸಿದ ಅಧ್ಯಕ್ಷ ಐಸೆನ್‌ಹೋವರ್ ಅವರೇ ಹಿಂದಿನ ವರ್ಷ ಈ ಇಂಟರ್‌ಸ್ಟೇಟ್ ರಸ್ತೆಗಳ ಕಾನೂನಿಗೆ ಸಹಿ ಹಾಕಿದ್ದರು. ವಿಮಾನದ ಕಿಟಕಿಯಿಂದ ಇವೊಂದೂ ಕಾಣುವುದಿಲ್ಲ. ದಶಕಗಳಿಂದ ಈ ದೇಶದಲ್ಲಿ ದುಡಿದು, ತೆರಿಗೆ ಕಟ್ಟಿ, ಮನೆ ಕೊಂಡು, ಎರಡು ಕರಾವಳಿಗಳ ನಡುವೆ ಹಾರಾಡಿದ ನಮ್ಮಂಥವರಿಗೆ ಇದರ ಒಡಲು ಪರಿಚಯವೇ ಇಲ್ಲ.

ಜನರೂ ಹಾಗೆಯೇ. ಅಮೆರಿಕದ ಹೆದ್ದಾರಿ ಬದಿಯ ಮೋಟೆಲುಗಳಲ್ಲಿ ಬಹಳಷ್ಟನ್ನು ನಡೆಸುವವರು ಗುಜರಾತಿ ಕುಟುಂಬಗಳು. ಟೆಕ್ಸಸ್ಸಿನ ಗಾಳಿ ಬೀಸುವ ಬಯಲಿನಲ್ಲಿ ಒಂದು ಸಂಜೆ, ಕೌಂಟರಿನಲ್ಲಿದ್ದ ಹೆಂಗಸು ಇವರ ಕಾಲಿನ ಕ್ರೇಪ್ ಬ್ಯಾಂಡೇಜು ನೋಡಿದವರೇ ಮಹಡಿ ಕೋಣೆಯ ಬೀಗದ ಕೈ ವಾಪಸು ಪಡೆದು ಕೆಳಗಿನ ಕೋಣೆಯದನ್ನು ಕೊಟ್ಟರು. ಹತ್ತು ನಿಮಿಷಕ್ಕೆ ಶುಂಠಿ ಹಾಕಿದ ಚಹಾ, ಬಿಸಿನೀರಿನ ಚೀಲ ಕೋಣೆಗೆ ಬಂದವು. ಚಾರಣದಲ್ಲಿ ಗುರುತಿಲ್ಲದವರಿಗೆ ಊಟ, ಲಿಫ್ಟ್, ಸ್ನಾನಕ್ಕೆ ನೀರು ಕೊಡುವವರನ್ನು ಟ್ರೇಲ್ ಏಂಜಲ್ ಎನ್ನುತ್ತಾರೆ. ಅಂಥವರು ಕಾಡಿನಂಚಿನಲ್ಲಿ ಮಾತ್ರ ಇರುವುದಿಲ್ಲ.

ಅರಿಜೋನಾದಲ್ಲಿ ಇಪ್ಪತ್ತು ಕೋಟಿಗೂ ಹೆಚ್ಚು ವರ್ಷ ಹಳೆಯ ಮರಗಳು ಕಲ್ಲಾಗಿ ಬಿದ್ದಿರುವ ಪೆಟ್ರಿಫೈಡ್ ಫಾರೆಸ್ಟ್ ಹೆದ್ದಾರಿಯ ಮಗ್ಗುಲಲ್ಲೇ ಇದೆ. ಅಲ್ಲಿಂದ ಮುಂದೆ ಫ್ಲ್ಯಾಗ್‌ಸ್ಟಾಫ್ ದಾಟಿ ಗ್ರ್ಯಾಂಡ್ ಕ್ಯಾನ್ಯನ್‌ನ ದಕ್ಷಿಣ ಅಂಚಿಗೆ ಹೋದೆವು. ಕಣಿವೆಯ ಅಂಚಿನುದ್ದಕ್ಕೂ ಇರುವ ರಿಮ್ ಟ್ರೇಲ್‌ನ ಹೆಚ್ಚಿನ ಭಾಗ ನುಣುಪಾದ ಸಮತಟ್ಟು ದಾರಿ. ಗಾಲಿಕುರ್ಚಿಯವರೂ ಅದರಲ್ಲಿ ಹೋಗಬಹುದು, ನಡುವೆ ದಣಿದರೆ ಪಾರ್ಕಿನ ಉಚಿತ ಬಸ್ಸು ಸಿಗುತ್ತದೆ. ಡಮಾಸ್ಕಸ್ ಬಿಟ್ಟ ಮೇಲೆ ಮೊದಲ ಬಾರಿಗೆ ಇಬ್ಬರೂ ಜೊತೆಯಲ್ಲಿ ನಡೆದದ್ದು ಅಲ್ಲಿ. ಒಂದು ಮೈಲಿ ಆಳದ ಕಣಿವೆಯ ಪಕ್ಕ ಸ್ವಲ್ಪ ನಡೆದು, ಸ್ವಲ್ಪ ಕೂತು, ಮಂಡಿ ಬೇಡವೆಂದಾಗ ಬಸ್ಸು ಹತ್ತಿದೆವು. ಬೆನ್ನ ಮೇಲೆ ಭಾರವಿರಲಿಲ್ಲ, ಇಂದು ಇಷ್ಟು ಮೈಲಿ ಆಗಲೇಬೇಕೆಂಬ ಲೆಕ್ಕವೂ ಇರಲಿಲ್ಲ. ನಾನು ಮನೆಯಲ್ಲಿ ಕೂತು ಬಯಸಿದ್ದ ನಡಿಗೆ ಹೀಗೆಯೇ ಇತ್ತು.

40ನೇ ಹೆದ್ದಾರಿ ಕ್ಯಾಲಿಫೋರ್ನಿಯಾದ ಬಾರ್ಸ್ಟೋದಲ್ಲಿ ಮುಗಿಯುತ್ತದೆ. ಅಲ್ಲಿಂದ 58ನೇ ರಸ್ತೆ ಮೊಹಾವಿ ಮರುಭೂಮಿಯನ್ನು ದಾಟಿ ಟೆಹಾಚಪಿ ಕಣಿವೆಗೆ ಏರುತ್ತದೆ. ಮೆಕ್ಸಿಕೋ ಗಡಿಯಿಂದ ಕೆನಡಾ ಗಡಿಗೆ 2,650 ಮೈಲಿ ಹೋಗುವ ಪೆಸಿಫಿಕ್ ಕ್ರೆಸ್ಟ್ ಟ್ರೇಲ್ ಆ ರಸ್ತೆಯನ್ನು ಅಲ್ಲೇ ದಾಟುತ್ತದೆ. ನಾವು ಹೋದದ್ದು ಚಾರಣಿಗರು ಮರುಭೂಮಿಯ ಭಾಗದಲ್ಲಿ ನಡೆಯುತ್ತಾ ಅಲ್ಲಿಗೆ ಬರುವ ಕಾಲ. ಧೂಳು ಮೆತ್ತಿದ ಜೋಡಿಯೊಂದು ರಸ್ತೆ ಬದಿಯಲ್ಲಿ ನಿಂತಿತ್ತು. ಕಾರಿನಲ್ಲಿದ್ದ ನೀರು, ಕಿತ್ತಳೆ ಕೊಟ್ಟು ಟೆಹಾಚಪಿ ಊರಿನವರೆಗೆ ಕರೆದೊಯ್ದೆವು. ಹಿಂದಿನ ಸೀಟಿನಲ್ಲಿ ಕೂತ ಹುಡುಗಿ ತನ್ನ ಪಾದದ ನೋವನ್ನು ಅವನಿಗೆ ಕಾಣದಂತೆ ಒತ್ತಿಕೊಳ್ಳುತ್ತಿದ್ದಳು. ಊರು ಬಂದಾಗ ಇವರೇ ಹೇಳಿದರು: ನೋವಿದ್ದರೆ ಈಗಲೇ ಒಬ್ಬರಿಗೊಬ್ಬರು ಹೇಳಿಬಿಡಿ, ಎರಡು ದಿನ ಇಲ್ಲೇ ಇದ್ದು ಹೊರಡಿ. ಡಮಾಸ್ಕಸ್‌ನಲ್ಲಿ ಬಾಯಿ ಬಿಡಲಾಗದೆ ಕೂತಿದ್ದ ಮನುಷ್ಯ ಬೇರೆಯವರಿಗೆ ಹೀಗೆ ಹೇಳುವಷ್ಟು ಹಗುರಾದದ್ದು ಆ ರಸ್ತೆಯ ಫಲ.

ಆದ್ದರಿಂದ ನಿಮ್ಮಲ್ಲಿ ಕೆಲವು ಬೇಡಿಕೆಗಳು.

ಹೊರಡುವ ಜೋಡಿಗಳೇ, ಸಾಮಾನಿನ ಪಟ್ಟಿ ಬರೆಯುವ ದಿನವೇ ಇದನ್ನೂ ಬರೆದಿಡಿ: ಒಬ್ಬರಿಗೆ ಆಗದಿದ್ದರೆ ಇಬ್ಬರೂ ಇಳಿಯುತ್ತೇವೋ, ಒಬ್ಬರು ಮುಂದುವರಿಯುತ್ತೇವೋ. ನಾನು ಹೇಳುವುದು ಇಬ್ಬರೂ ಇಳಿಯಿರಿ ಎಂದೇ, ತೀರ್ಮಾನ ನಿಮ್ಮದು. ಆದರೆ ಅದನ್ನು ಊದಿದ ಮಂಡಿಯ ಮುಂದೆ ಕೂತು ಮೊದಲ ಬಾರಿಗೆ ಚರ್ಚಿಸುವಂತಾಗಬಾರದು. ಮನೆಗೆ ಮರಳುವ ದಾರಿಗೂ ಸ್ವಲ್ಪ ದುಡ್ಡು, ಸ್ವಲ್ಪ ದಿನ ತೆಗೆದಿಡಿ.

ಇಳಿದು ಬಂದವರೇ, ಅಡಗಿಸಬೇಡಿ. ನೀವು ನಡೆದಷ್ಟು ದೂರ ನೀವು ನಡೆದಿದ್ದೀರಿ, ಅದನ್ನು ಯಾರೂ ಕಿತ್ತುಕೊಳ್ಳಲಾರರು.

ಕೂಟಗಳ ಪದಾಧಿಕಾರಿಗಳೇ, ಯುಗಾದಿ, ರಾಜ್ಯೋತ್ಸವದ ಸಭೆಗಳಿಗೆ ಶಿಖರ ಮುಟ್ಟಿದವರನ್ನು ಕರೆಯುವ ಹಾಗೆ ನಡುವೆ ಇಳಿದವರನ್ನೂ ಒಮ್ಮೆ ಕರೆಯಿರಿ. ಹೊಸದಾಗಿ ಹೊರಡುವವರಿಗೆ ಹೆಚ್ಚು ಉಪಯೋಗವಾಗುವುದು ಅವರ ಅನುಭವ.

ಕೊನೆಯದಾಗಿ ಎಲ್ಲರಿಗೂ. 2024ರ ಸೆಪ್ಟೆಂಬರಿನಲ್ಲಿ ಹೆಲೀನ್ ಚಂಡಮಾರುತ ಟ್ರೇಲ್‌ನ ದಕ್ಷಿಣ ಭಾಗವನ್ನು ಧ್ವಂಸ ಮಾಡಿತು. ಡಮಾಸ್ಕಸ್ ಊರಿಗೇ ಪ್ರವಾಹ ನುಗ್ಗಿತ್ತು. ಮರುವರ್ಷ ನಾವು ನಡೆದಾಗ ಬಿದ್ದ ಮರಗಳನ್ನು ಕೊಯ್ದು ದಾರಿ ಬಿಡಿಸಿದ ಗರಗಸದ ಗುರುತುಗಳು ಮೈಲಿಗಟ್ಟಲೆ ಕಂಡವು. ಆ ಕೆಲಸದಲ್ಲಿ ದೊಡ್ಡ ಪಾಲು ಸಂಬಳವಿಲ್ಲದೆ ದುಡಿದವರದು. ಈ ಹಾದಿಯನ್ನು ನೋಡಿಕೊಳ್ಳುವ ಸುಮಾರು 30 ಸ್ವಯಂಸೇವಕ ಕ್ಲಬ್ಬುಗಳಿವೆ. ಪೊದೆ ಸವರುವುದು, ಮೆಟ್ಟಿಲಿಗೆ ಕಲ್ಲು ಹೊಂದಿಸುವುದು, ದಾರಿ ತೋರುವ ಬಿಳಿ ಪಟ್ಟಿಗಳಿಗೆ ಬಣ್ಣ ಹಚ್ಚುವುದು ಈ ಕ್ಲಬ್ಬುಗಳ ಕೆಲಸ. ಇದಕ್ಕೆ ಕಟಾಡಿನ್ ಮುಟ್ಟಿದವರೇ ಬೇಕೆಂದಿಲ್ಲ, ಗಟ್ಟಿ ಮಂಡಿಯೂ ಬೇಕೆಂದಿಲ್ಲ, ಬಣ್ಣದ ಡಬ್ಬಿ ಹಿಡಿದು ಸಮತಟ್ಟಿನಲ್ಲಿ ನಿಲ್ಲುವವರಿಗೂ ಕೆಲಸವಿದೆ. ಬರುವ ವರ್ಷ ವರ್ಜೀನಿಯಾದಲ್ಲಿ ಒಂದು ವಾರ ಹಾಗೆ ದುಡಿಯಲು ನಾವಿಬ್ಬರೂ ಹೋಗುತ್ತೇವೆ. ಪೂರ್ತಿ ನಡೆದವರು, ಅರ್ಧ ನಡೆದವರು, ನಡೆಯದೇ ಇದ್ದವರು, ಯಾರು ಬೇಕಾದರೂ ಬನ್ನಿ. ಜೋಡಿಯಾಗಿ ಬನ್ನಿ.

ಇತಿ,
ನಿಮ್ಮಲ್ಲೊಬ್ಬಳು
ಸ್ಯಾನ್ ಹೋಸೆ, ಕ್ಯಾಲಿಫೋರ್ನಿಯಾ